ರೊಟ್ಟಿ ಮಡಚಿ ತಿನ್ನುವವರ ನೆರೆಹೊರೆ

ಲಾಸ್ ಏಂಜಲೀಸಿನ ಸಿಲ್ವರ್ ಲೇಕ್ ಬಡಾವಣೆಯಲ್ಲಿ, ಸನ್‌ಸೆಟ್ ಬುಲೆವಾರ್ಡ್ ರಸ್ತೆಯ ಮೇಲೆ, ‘ಮಿಡ್ ಈಸ್ಟ್ ಟಾಕೋಸ್’ ಎಂಬ ಉಪಾಹಾರದ ಅಂಗಡಿಯೊಂದಿದೆ. ಮೊದಲು ಇದು ಸ್ಮೋರ್ಗಾಸ್‌ಬರ್ಗ್ ಎಂಬ ಹೆಸರಿನಲ್ಲಿ ನಗರದ ನಡುಭಾಗದಲ್ಲಿ ಭಾನುವಾರಗಳಂದು ಸೇರುವ ತಿನಿಸುಗಳ ಸಂತೆಯಲ್ಲಿ ಒಂದು ಮಳಿಗೆಯಾಗಿತ್ತು. ಸ್ವಂತ ಸೂರು ದೊರೆತದ್ದು ಆಮೇಲೆ. ಇದನ್ನು ಕಟ್ಟಿದವರಲ್ಲಿ ಒಬ್ಬರು ಗ್ಲೆಂಡೇಲ್ ಪಟ್ಟಣದಲ್ಲಿ ಪುಟ್ಟ ಕಬಾಬು ಅಂಗಡಿ ನಡೆಸಿಕೊಂಡು ಬಂದಿರುವ ಆರ್ಮೇನಿಯನ್ ಮನೆತನದವರು. ಬೆಂಕಿಯ ಮೇಲೆ ಸುಟ್ಟ ಕಬಾಬನ್ನೋ, ಮಾಂಸ ತಿನ್ನದವರಿಗೆ ಕಡಲೆಯ ವಡೆಯಂಥ ಫಲಾಫೆಲನ್ನೋ ಟೋರ್ಟಿಯಾ ಎಂಬ ಮೆಕ್ಸಿಕೋದ ತೆಳು ರೊಟ್ಟಿಯೊಳಗೆ ಇಟ್ಟು, ಮೇಲೆ ಬಿಳಿಯ ಬೆಳ್ಳುಳ್ಳಿ ಗೊಜ್ಜನ್ನೂ ಖಾರವನ್ನೂ ಹಾಕಿ, ಮಡಚಿ ಟಾಕೋ ಮಾಡಿ ಕೊಡುವುದು ಇಲ್ಲಿಯ ಕಸುಬು. ಹೆಸರಿಗೆ ಎರಡು ದೇಶಗಳ ಅಡುಗೆಯ ಬೆಸುಗೆ. ನೋಡಲು ಮಾತ್ರ ಕೈಯಲ್ಲಿ ಹಿಡಿದು ನಾಲ್ಕು ತುತ್ತಿನಲ್ಲಿ ಮುಗಿಸುವ ಸಾದಾ ತಿನಿಸು.

ನಾನು ಧಾರವಾಡದ ಕಡೆಯವನು, ಹದಿನೇಳು ವರ್ಷಗಳಿಂದ ಗ್ಲೆಂಡೇಲಿಗೆ ಅಂಟಿಕೊಂಡಿರುವ ಬರ್ಬ್ಯಾಂಕಿನಲ್ಲಿ ವಾಸವಾಗಿರುವವನು, ಮತ್ತು ಸಸ್ಯಾಹಾರಿ. ಆದ್ದರಿಂದ ಇಲ್ಲಿಯ ಕಬಾಬಿನ ವಿಷಯದಲ್ಲಿ ನನ್ನ ಮಗನ ನಾಲಗೆಯನ್ನೇ ನಂಬಬೇಕಾಗುತ್ತದೆ. ಫಲಾಫೆಲ್ ಟಾಕೋ ಕುರಿತು ನಾನೇ ಸಾಕ್ಷಿ ಹೇಳಬಲ್ಲೆ. ಮೊದಲ ಸಲ ಅದನ್ನು ತಿಂದ ದಿನ ಊರಿನಲ್ಲಿರುವ ಅವ್ವನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಆಕೆ ಒಂದು ಗಳಿಗೆ ದಿಟ್ಟಿಸಿ ನೋಡಿ, “ರೊಟ್ಟಿ ಮಡಚಿ ತಿನ್ನಾಕ ಅಂಗಡಿಗೆ ಹೋಗಬೇಕೇನಪಾ?” ಎಂದಳು. ನಕ್ಕು ಸುಮ್ಮನಾದೆನಾದರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮಡಚಿ ತಿನ್ನುವ ರೊಟ್ಟಿ ನಮ್ಮಲ್ಲಿಯೂ ಇದೆ, ಅದರೊಳಗೆ ಇಡಬಹುದಾದ ಪಲ್ಯ, ಹಿಂಡಿ, ರಂಜಕಗಳೂ ಇವೆ, ಈ ನಗರದಲ್ಲಿ ನಾವು ಸಾವಿರಗಟ್ಟಲೆ ಜನರೂ ಇದ್ದೇವೆ. ಆದರೂ ಸನ್‌ಸೆಟ್ ರಸ್ತೆಯ ಮೇಲೆ ಮೆಕ್ಸಿಕೋದ ಟೋರ್ಟಿಯಾದೊಡನೆ ಸಲಿಗೆ ಬೆಳೆಸಿದ್ದು ಆರ್ಮೇನಿಯನ್ನರ ಅಡುಗೆ, ನಮ್ಮದಲ್ಲ. ಏಕೆ ಎಂಬುದು ನನ್ನ ಕುತೂಹಲ.

ಮೊದಲಿಗೆ, ಲಾಸ್ ಏಂಜಲೀಸಿನಲ್ಲಿ ‘ಆರ್ಮೇನಿಯನ್ ಅಡುಗೆ’ ಎಂದರೆ ಒಂದೇ ಅಡುಗೆಯಲ್ಲ ಎಂಬುದನ್ನು ಹೇಳಬೇಕು. 1915ರಲ್ಲಿ ಆಟೋಮನ್ ಸಾಮ್ರಾಜ್ಯದಲ್ಲಿ ಆರಂಭವಾದ ನರಮೇಧದಿಂದ ತಪ್ಪಿಸಿಕೊಂಡ ಆರ್ಮೇನಿಯನ್ನರು ಸಿರಿಯಾ, ಲೆಬನಾನ್, ಈಜಿಪ್ಟ್ ದೇಶಗಳಲ್ಲಿ ಹರಡಿ ನೆಲೆನಿಂತರು. ಬೈರೂತಿನ ಮಗ್ಗುಲಲ್ಲಿರುವ ಬೂರ್ಜ್ ಹಮ್ಮೂದ್ ಅಂಥ ನಿರಾಶ್ರಿತರಿಂದ ಬೆಳೆದ ಊರು. 1975ರಲ್ಲಿ ಲೆಬನಾನಿನ ಅಂತರ್ಯುದ್ಧ ಹೊತ್ತಿಕೊಂಡಾಗ ಅವರಲ್ಲಿ ಅನೇಕರು ಮತ್ತೊಮ್ಮೆ ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಬಂದರು. 1979ರ ಕ್ರಾಂತಿಯ ನಂತರ ಇರಾನಿನ ಆರ್ಮೇನಿಯನ್ನರು ಬಂದರು. ಸೋವಿಯತ್ ಒಕ್ಕೂಟ ಸಡಿಲಗೊಂಡು ಕುಸಿಯುತ್ತಿದ್ದಂತೆ ಆರ್ಮೇನಿಯಾದ ರಾಜಧಾನಿ ಯೆರೆವಾನಿನ ಕಡೆಯವರು ಬಂದರು. ಹೀಗೆ ಮೂರು ದಿಕ್ಕುಗಳಿಂದ ಬಂದವರು ಮೂರು ಬಗೆಯ ಒಲೆಗಳನ್ನು ಹೊತ್ತು ತಂದರು. ಬೈರೂತಿನವರು ತಂದದ್ದು ಬೆಳ್ಳುಳ್ಳಿ, ಎಣ್ಣೆ, ನಿಂಬೆರಸ, ಉಪ್ಪು ಇಷ್ಟನ್ನೇ ಕಡೆದು ಬೆಣ್ಣೆಯಂತೆ ಬೆಳ್ಳಗಾಗಿಸುವ ತೂಮ್ ಎಂಬ ಗೊಜ್ಜು. ಇರಾನಿನವರು ತಂದದ್ದು ಕೊಚ್ಚಿದ ಮಾಂಸವನ್ನು ಅಗಲವಾದ ಸಲಾಕೆಗೆ ಒತ್ತಿ ಸುಡುವ ಕೂಬಿದೆ ಮತ್ತು ಅದರ ಜೊತೆಗಿನ ಕೇಸರಿ ಅನ್ನ. ಯೆರೆವಾನಿನವರು ತಂದದ್ದು ಹೊರಗೆ ಕೆಂಡ ಮಾಡಿಕೊಂಡು, ನೆಂಟರಿಷ್ಟರನ್ನು ಸುತ್ತ ನಿಲ್ಲಿಸಿಕೊಂಡು ಸುಡುವ ಖೊರೊವಾತ್ಸ್. 1962ರಲ್ಲಿ ಬೂರ್ಜ್ ಹಮ್ಮೂದಿನಲ್ಲಿ ಆರಂಭವಾಗಿ 1980ರ ದಶಕದಲ್ಲಿ ಹಾಲಿವುಡ್ಡಿಗೆ ಬಂದ ‘ಜಾಂಕೂ ಚಿಕನ್’ ಅಂಗಡಿಯ ಬೆಳ್ಳುಳ್ಳಿ ಗೊಜ್ಜು ಈ ನಗರದ ಎಲ್ಲ ಬಣ್ಣದ ಜನರಿಗೂ ಎಷ್ಟು ಪರಿಚಿತವೆಂದರೆ, ಅದು ಮೂಲತಃ ಲೆಬನಾನಿನದು ಎಂಬುದನ್ನು ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ.

ಹೀಗಾಗಿ ಟಾಕೋದ ಮಾತು ಬರುವುದಕ್ಕೆ ಮೊದಲೇ ಈ ಅಡುಗೆ ಮೂರು ನಾಲ್ಕು ಸಲ ಬೇರೆಯವರ ಮನೆಯ ನೀರು ಕುಡಿದಿತ್ತು. ಆರ್ಮೇನಿಯನ್ನರು ತಮ್ಮ ಸ್ವಂತದ್ದೆಂದು ಹೇಳಿಕೊಳ್ಳುವ ಲವಾಶ್ ರೊಟ್ಟಿಯ ವಿಷಯದಲ್ಲಿಯೂ ಜಗಳ ತಪ್ಪಲಿಲ್ಲ: 2014ರಲ್ಲಿ ಯುನೆಸ್ಕೋ ಅದನ್ನು ಆರ್ಮೇನಿಯಾದ ಸಂಸ್ಕೃತಿಯ ಅಭಿವ್ಯಕ್ತಿಯೆಂದು ತನ್ನ ಪಟ್ಟಿಗೆ ಸೇರಿಸಿತು, ಎರಡು ವರ್ಷಗಳ ನಂತರ ಅಜರ್‌ಬೈಜಾನ್, ಇರಾನ್, ಕಜಾಕಸ್ತಾನ, ಕಿರ್ಗಿಸ್ತಾನ, ಟರ್ಕಿ ದೇಶಗಳು ಒಟ್ಟಾಗಿ ತಮ್ಮ ತೆಳು ರೊಟ್ಟಿಗಳನ್ನು, ಲವಾಶಿನ ಹೆಸರನ್ನೂ ಒಳಗೊಂಡಂತೆ, ಅದೇ ಪಟ್ಟಿಗೆ ಸೇರಿಸಿದವು. ಮೈಸೂರು ಪಾಕು ಯಾರದ್ದೆಂದು ತಮಿಳು ಗೆಳೆಯರೊಡನೆ ವಾದ ಮಾಡಿರುವ ನನಗೆ ಈ ಸಿಟ್ಟು ಅರ್ಥವಾಗುತ್ತದೆ. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಯಾರದ್ದು ಎಂಬ ಪ್ರಶ್ನೆಯಲ್ಲಿ ಇಷ್ಟು ನಿಷ್ಠುರರಾದ ಜನ, ಯಾವುದರ ಜೊತೆ ತಿನ್ನಬೇಕು ಎಂಬ ಪ್ರಶ್ನೆಯಲ್ಲಿ ಅಷ್ಟೇ ಉದಾರಿಗಳು.

ಭಾರತದೊಡನೆಯೂ ಅವರಿಗೆ ಹಳೆಯ ನಂಟಿದೆ. ಜಗತ್ತಿನ ಮೊಟ್ಟಮೊದಲ ಆರ್ಮೇನಿಯನ್ ಪತ್ರಿಕೆಯಾದ ‘ಅಜ್ದಾರಾರ್’ ಅಚ್ಚಾದದ್ದು 1794ರಲ್ಲಿ, ಮದರಾಸಿನಲ್ಲಿ. ಕೆಲಸದ ಮೊದಲ ಎರಡು ವರ್ಷ ಚೆನ್ನೈನಲ್ಲಿದ್ದ ನಾನು ಅಲ್ಲಿಯ ಆರ್ಮೇನಿಯನ್ ಬೀದಿಯಲ್ಲಿ ನೂರು ಸಲವಾದರೂ ಓಡಾಡಿದ್ದೇನೆ. ಆ ಹೆಸರು ಯಾರದ್ದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದನ್ನು ನನಗೆ ಹೇಳಿದವರು ನನ್ನ ನೆರೆಮನೆಯ ಆರ್ಮೇನಿಯನ್ ಹಿರಿಯರು, ಅದೂ ತಾವೇ ಸುಟ್ಟ ಬದನೆಕಾಯಿಯನ್ನು ನನಗೆ ಬಡಿಸುತ್ತಾ.

ಇನ್ನು ಮೆಕ್ಸಿಕೋದ ಕಡೆಗೆ ಬಂದರೆ, ಟಾಕೋಗೂ ಕಬಾಬಿಗೂ ಇದು ಮೊದಲ ಭೇಟಿಯೇ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಟೋಮನ್ ಸಾಮ್ರಾಜ್ಯದ ಕಡೆಯಿಂದ ವಲಸೆ ಬಂದು ಮೆಕ್ಸಿಕೋದ ಪುಯೆಬ್ಲಾ ನಗರದಲ್ಲಿ ನೆಲೆಸಿದವರು, ನೆಟ್ಟಗೆ ನಿಲ್ಲಿಸಿದ ಸಲಾಕೆಗೆ ಮಾಂಸದ ಪದರಗಳನ್ನು ಪೋಣಿಸಿ ತಿರುಗಿಸುತ್ತಾ ಸುಡುವ ಪದ್ಧತಿಯನ್ನು ಅಲ್ಲಿ ನೆಲೆಗೊಳಿಸಿದರು. 1930ರ ದಶಕದ ಹೊತ್ತಿಗೆ ಅದು ‘ಟಾಕೋಸ್ ಆರಬೇಸ್’, ಅಂದರೆ ಅರಬರ ಟಾಕೋ, ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುತ್ತಿತ್ತು. ಸುತ್ತಿ ಕೊಡುತ್ತಿದ್ದದ್ದು ಟೋರ್ಟಿಯಾದಲ್ಲಲ್ಲ, ಗೋಧಿಯ ದಪ್ಪ ರೊಟ್ಟಿಯಲ್ಲಿ. ಮುಂದೆ ಕುರಿಯ ಜಾಗಕ್ಕೆ ಹಂದಿ ಬಂತು, ರೊಟ್ಟಿಯ ಜಾಗಕ್ಕೆ ಮೆಕ್ಕೆಜೋಳದ ಟೋರ್ಟಿಯಾ ಬಂತು, ಮಸಾಲೆಗೆ ಒಣಮೆಣಸಿನಕಾಯಿಯೂ ಅಚಿಯೋಟೆ ಎಂಬ ಕೆಂಪು ಬೀಜವೂ ಸೇರಿದವು, ಸಲಾಕೆಯ ತುದಿಗೆ ಅನಾನಸ್ ಏರಿತು. ಇಂದು ಮೆಕ್ಸಿಕೋ ನಗರದ ಹೆಮ್ಮೆಯ ತಿನಿಸಾಗಿರುವ ಟಾಕೋ ಅಲ್ ಪಾಸ್ತೋರ್ ಹುಟ್ಟಿದ್ದು ಹೀಗೆ. ‘ಪಾಸ್ತೋರ್’ ಎಂದರೆ ಕುರಿಗಾಹಿ. ತಟ್ಟೆಯಲ್ಲಿ ಇರುವುದು ಹಂದಿ. ಸಲಾಕೆಗೆ ಅವರು ಇಟ್ಟಿರುವ ಹೆಸರು ‘ಟ್ರೊಂಪೊ’, ಅಂದರೆ ಬುಗುರಿ. ಮೇಲೆ ಅಗಲ, ಕೆಳಗೆ ಚೂಪು, ತಿರುಗುತ್ತಲೇ ಇರುವ ಆ ಮಾಂಸದ ಗೋಪುರಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ಆದ್ದರಿಂದ ಸಿಲ್ವರ್ ಲೇಕಿನ ಅಂಗಡಿಯನ್ನು ಹೊಸ ಪ್ರಯೋಗವೆಂದು ಹೊಗಳುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ತೊಂಬತ್ತು ವರ್ಷಗಳ ಹಿಂದೆ ಪುಯೆಬ್ಲಾದಲ್ಲಿ ಆದ ಸಂಬಂಧವೇ ಇಲ್ಲಿ ಬೇರೆ ದಾರಿಯಿಂದ ಬಂದು ಮತ್ತೆ ಕೂಡಿಕೊಂಡಿದೆ. ಸೋದರಿಕೆಯ ಮದುವೆಯಲ್ಲಿ ಎರಡೂ ಕಡೆಯವರಿಗೆ ಪರಸ್ಪರ ಅಡುಗೆ ಮನೆ ಗೊತ್ತಿರುವಂತೆ, ಇಲ್ಲಿ ಯಾವುದೂ ಯಾವುದಕ್ಕೂ ಒಗ್ಗದೆ ಉಳಿಯುವುದಿಲ್ಲ.

ಅದು ಒಗ್ಗುವುದಕ್ಕೆ ಇನ್ನೊಂದು ಕಾರಣವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು. ಎರಡು ಅಡುಗೆಗಳನ್ನು ಕೂಡಿಸುವಾಗ ಎರಡನ್ನೂ ಸಡಿಲಗೊಳಿಸಿ ನಡುವಿನಲ್ಲಿ ಎಲ್ಲೋ ಒಂದು ಕಡೆ ಸಂಧಿ ಮಾಡಿಕೊಳ್ಳುವುದು ಸಾಮಾನ್ಯ ದಾರಿ. ನಾನು ತಿಂದ ಟಾಕೋದಲ್ಲಿ ಹಾಗಾಗಿರಲಿಲ್ಲ. ಫಲಾಫೆಲ್ ಯಾವ ಮೆಕ್ಸಿಕನ್ ಮಸಾಲೆಯ ಕಡೆಗೂ ವಾಲಿರಲಿಲ್ಲ. ಬೆಳ್ಳುಳ್ಳಿ ಗೊಜ್ಜು ಬೈರೂತಿನವರೂ ತಲೆದೂಗುವಷ್ಟು ಖಡಕ್ಕಾಗಿತ್ತು. ಖಾರ ಮತ್ತು ಟೋರ್ಟಿಯಾಗಳು ಈ ನಗರದ ಯಾವುದೇ ಒಳ್ಳೆಯ ಟಾಕೋ ಅಂಗಡಿಯಲ್ಲಿ ಇರಬೇಕಾದಂತೆಯೇ ಇದ್ದವು. ಬೆರಕೆ ಆದದ್ದು ಒಲೆಯ ಮೇಲಲ್ಲ, ಬಾಯಿಯಲ್ಲಿ. ಮಗ ಕಬಾಬಿನ ವಿಷಯದಲ್ಲಿ ಹೇಳಿದ್ದೂ ಇದನ್ನೇ: ನೆರೆಮನೆಯ ಹಿರಿಯರು ತಮ್ಮ ಹಿತ್ತಲಲ್ಲಿ ಸುಡುವ ಕೋಳಿಯ ರುಚಿಯೇ ಇದು, ಜೊತೆಗೆ ಶಾಲೆಯ ಮೆಕ್ಸಿಕನ್ ಗೆಳೆಯನ ಮನೆಯ ಸಾಲ್ಸಾ ಖಾರ.

ಟೋರ್ಟಿಯಾದ ಬಗ್ಗೆ ಒಂದೆರಡು ಮಾತು ಹೆಚ್ಚಾಗಿ ಹೇಳಿದರೆ ಓದುಗರು ಕ್ಷಮಿಸಬೇಕು, ಏಕೆಂದರೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎದ್ದು ಬೆಳೆದವನು ನಾನು. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಅಂಟಿಲ್ಲ. ಆದ್ದರಿಂದ ನಮ್ಮ ಹೆಣ್ಣುಮಕ್ಕಳು ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿ, ಪಿಷ್ಟವನ್ನು ಅರೆಬೇಯಿಸಿ, ಆ ಜಿಗುಟಿನ ಬಲದಿಂದ ರೊಟ್ಟಿ ಬಡಿಯುತ್ತಾರೆ. ಮೆಕ್ಕೆಜೋಳಕ್ಕೂ ಅದೇ ಕೊರತೆ. ಮೆಕ್ಸಿಕೋದ ಹಳೆಯ ಜನ ಇದಕ್ಕೆ ಕಂಡುಕೊಂಡ ಉಪಾಯ ಸುಣ್ಣ. ಒಣಕಾಳುಗಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಸಿಪ್ಪೆ ಕಳಚಿ ತೊಳೆದು, ಕಲ್ಲಿನ ಮೇಲೆ ಅರೆದರೆ ಹದವಾಗಿ ಕೂಡಿಕೊಳ್ಳುವ ಹಿಟ್ಟು ಸಿಗುತ್ತದೆ. ಅದನ್ನು ಅವರು ‘ಮಾಸಾ’ ಎನ್ನುತ್ತಾರೆ. ಕಾಳಿನೊಳಗೆ ದೇಹಕ್ಕೆ ದಕ್ಕದಂತೆ ಕಟ್ಟಿಕೊಂಡಿರುವ ನಿಯಾಸಿನ್ ಎಂಬ ಜೀವಸತ್ವವನ್ನು ಬಿಡಿಸುವುದೂ ಈ ಸುಣ್ಣವೇ. ಯುರೋಪಿನವರು ಮೆಕ್ಕೆಜೋಳವನ್ನು ಕೊಂಡೊಯ್ದರು, ಸುಣ್ಣದ ಪಾಠವನ್ನು ಬಿಟ್ಟು ಹೋದರು. ಅದೊಂದನ್ನೇ ಉಂಡು ಬದುಕಿದ ಇಟಲಿ, ಸ್ಪೇನುಗಳ ಬಡ ರೈತರಲ್ಲಿ ಪೆಲಾಗ್ರ ಎಂಬ ಚರ್ಮದ ಮತ್ತು ಬುದ್ಧಿಯ ಬೇನೆ ಹರಡಿತು. ಅದೇ ಇಟಲಿಯಲ್ಲಿ ಮೆಕ್ಕೆಜೋಳಕ್ಕೆ ‘ತುರ್ಕರ ಕಾಳು’ ಎಂಬ ಅರ್ಥದ ಹೆಸರಿದೆ. ಎಲ್ಲಿಂದ ಬಂತೋ ಗೊತ್ತಿಲ್ಲದ ಕಾಳಿಗೆ ಪೂರ್ವದ ದಿಕ್ಕು ತೋರಿಸಿ ಕೈತೊಳೆದುಕೊಂಡ ಹೆಸರುಗಳಲ್ಲಿ ಅದೂ ಒಂದು.

ಒಂದು ಅಡುಗೆಯನ್ನು ಎರವಲು ಪಡೆಯುವಾಗ ಅದರ ಒಳಗಿನ ಪಾಠವನ್ನು ಬಿಟ್ಟು ಹೊರಗಿನ ಆಕಾರವನ್ನಷ್ಟೇ ತಂದರೆ ಏನಾಗುತ್ತದೆ ಎಂಬುದಕ್ಕೆ ಪೆಲಾಗ್ರ ಘೋರವಾದ ಉದಾಹರಣೆ. ಅಷ್ಟು ಘೋರವಲ್ಲದ ಉದಾಹರಣೆ ಬೇಕೆಂದರೆ ನಮ್ಮ ಕನ್ನಡ ಕೂಟದ ಭೋಜನಕ್ಕೆ ಬರಬೇಕು. ‘ದೋಸೆ ಟಾಕೋ’ ಎಂಬುದನ್ನು ನಾನು ಅಲ್ಲಿ ಮೂರು ವರ್ಷ ಸತತವಾಗಿ ಕಂಡಿದ್ದೇನೆ: ಹುಳಿ ಬಾರದ ಹಿಟ್ಟಿನಿಂದ ಮನೆಯಲ್ಲಿ ಹೊಯ್ದು ಡಬ್ಬಿಯಲ್ಲಿ ತಂದ ತಣ್ಣನೆಯ ಪುಟ್ಟ ದೋಸೆ, ಒಳಗೆ ಡಬ್ಬಿಯ ಬೀನ್ಸ್ ಕಾಳು, ಮೇಲೆ ಪೊಟ್ಟಣದ ಚೀಸು. ದೋಸೆ ಬಲ್ಲವನಿಗೂ ಅದರಲ್ಲಿ ಸುಖವಿಲ್ಲ, ಟಾಕೋ ಬಲ್ಲವನಿಗೂ ಇಲ್ಲ. ಮಾಡಿ ತಂದವರ ಪ್ರೀತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಅದನ್ನು ಮೂರು ವರ್ಷವೂ ಪೂರ್ತಿ ತಿಂದು ಮುಗಿಸಿದ್ದೇನೆ.

ಬೆರೆಸುವುದರ ಬಗ್ಗೆ ನಮ್ಮ ಒಳಗಿರುವ ಅಳುಕು ಭಾಷೆಯಲ್ಲಿಯೇ ಕಾಣುತ್ತದೆ. ಬೇರೆ ಬೇರೆ ವಸ್ತುಗಳು ಕೂಡಿದ್ದಕ್ಕೆ ನಮ್ಮ ಬಾಯಿಗೆ ಮೊದಲು ಬರುವ ಪದ ‘ಕಲಬೆರಕೆ’. ಅದು ಹಾಲಿಗೆ ನೀರು ಹಾಕಿದ ಅಪರಾಧಕ್ಕೂ ಬಳಸುವ ಪದ. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ, ನಮ್ಮ ಕೂಟದ ವಾಟ್ಸಾಪ್ ಬಳಗದಲ್ಲಿ ಹಲವರು ಬಣ್ಣವನ್ನು ಮರೆತು ಮಂಚೂರಿಯನ್ನೇ ಬೈದರು: ನಮ್ಮದಲ್ಲದ್ದನ್ನು ತಿಂದರೆ ಹೀಗೆಯೇ ಆಗುವುದು ಎಂಬ ಧಾಟಿಯಲ್ಲಿ. ಅವರಲ್ಲಿ ಬೆಂಗಳೂರಿಗೆ ಇಳಿದ ಸಂಜೆಯೇ ಗಾಡಿಯ ಮುಂದೆ ನಿಂತು ಗೋಬಿ ತಿನ್ನದವರು ಯಾರೂ ಇಲ್ಲ, ನಾನೂ ಹೊರತಲ್ಲ.

ಹಾಗೆಂದು ನಮ್ಮ ಹಿರಿಯರು ಬೆರಕೆಯನ್ನು ಬಲ್ಲವರಲ್ಲ ಎನ್ನುವುದು ತಪ್ಪಾಗುತ್ತದೆ. ಅವ್ವನ ತಟ್ಟೆಯಲ್ಲಿರುವ ಮೆಣಸಿನಕಾಯಿ, ಶೇಂಗಾ, ಟೊಮೆಟೊ ಮೂರೂ ಅಮೆರಿಕಾ ಖಂಡದಿಂದ ಹೊರಟು ನಮ್ಮ ನೆಲಕ್ಕೆ ಬಂದವು; ಮೆಣಸಿನ ಹೆಸರನ್ನೇ ಹಿಗ್ಗಿಸಿ ಹೊಸ ಕಾಯಿಗೆ ಇಟ್ಟುಕೊಂಡೆವು, ಬ್ಯಾಡಗಿಯನ್ನು ಅದರ ತವರು ಮಾಡಿದೆವು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೆ ಇದಕ್ಕಿಂತ ಸೋಜಿಗವೆನಿಸುವುದು ನಮ್ಮ ಮಾಧ್ವ ಗೆಳೆಯರ ಮನೆಗಳ ಶ್ರಾದ್ಧದ ಅಡುಗೆ. ಆ ದಿನ ಒಲೆಯ ಬಳಿಗೆ ಮೆಣಸಿನಕಾಯಿ ಬರುವಂತಿಲ್ಲ, ಟೊಮೆಟೊ, ಆಲೂಗಡ್ಡೆಗಳು ಬರುವಂತಿಲ್ಲ. ಖಾರಕ್ಕೆ ಕರಿಮೆಣಸೇ ಗತಿ. ಅಂದರೆ ಯಾವುದು ಆಮೇಲೆ ಬಂದು ಸೇರಿದ್ದು ಎಂಬ ನೆನಪನ್ನು ಅವರು ನಾಲ್ಕು ನೂರು ವರ್ಷಗಳಿಂದ ಪುಸ್ತಕವಿಲ್ಲದೆ ಕಾಪಾಡಿದ್ದಾರೆ, ಮತ್ತು ಮರುದಿನ ಬೆಳಿಗ್ಗೆ ಯಾವ ಸಂಕೋಚವೂ ಇಲ್ಲದೆ ಟೊಮೆಟೊ ಸಾರು ಮಾಡಿಕೊಂಡಿದ್ದಾರೆ. ಒಂದು ಒಲೆ ಕಟ್ಟುನಿಟ್ಟಿಗೆ, ಇನ್ನೊಂದು ಒಲೆ ನಿತ್ಯದ ಬದುಕಿಗೆ. ಗ್ಲೆಂಡೇಲಿನ ಆರ್ಮೇನಿಯನ್ನರು ಮಾಡುತ್ತಿರುವುದೂ ಇದನ್ನೇ. ಏಪ್ರಿಲ್ 24ರ ನರಮೇಧದ ಸ್ಮರಣೆಯಲ್ಲಿ, ಚರ್ಚಿನ ಪೂಜೆಯಲ್ಲಿ, ಮಕ್ಕಳಿಗೆ ತಮ್ಮ ಲಿಪಿ ಕಲಿಸುವುದರಲ್ಲಿ ಅವರು ಕೂದಲೆಳೆಯಷ್ಟೂ ಬಿಟ್ಟುಕೊಡುವುದಿಲ್ಲ. ಊಟದ ಹೊತ್ತಿಗೆ ಟೋರ್ಟಿಯಾ ಎತ್ತಿಕೊಳ್ಳುತ್ತಾರೆ. ನಮ್ಮ ಕೂಟದಲ್ಲಿ ಇದು ತಿರುಗುಮುರುಗಾಗಿದೆ. ನಮ್ಮ ಮಕ್ಕಳು ಕನ್ನಡ ಅಕ್ಷರ ಬರೆಯದಿದ್ದರೆ ನಾವು ಮುಗುಳ್ನಗುತ್ತೇವೆ, ಬಿಸಿಬೇಳೆ ಬಾತಿನಲ್ಲಿ ಲವಂಗ ಕಡಿಮೆಯಾದರೆ ಸಭೆ ಕರೆಯುತ್ತೇವೆ.

ಅವಶ್ಯಕತೆಯ ಮಾತೂ ಇದೆ. ಎಂ.ಟಿ.ಆರ್. ಹೋಟೆಲಿನವರು ಹೇಳಿಕೊಳ್ಳುವಂತೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಿಂದ ಇಡ್ಲಿ ಮಾಡಿದ್ದರಿಂದ ರವೆ ಇಡ್ಲಿ ಹುಟ್ಟಿತು. ಇದೇ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ದೇಶದವರೇ ಮೆಕ್ಸಿಕೋದ ಅಡುಗೆಯೊಡನೆ ಸಂಸಾರ ಹೂಡಿದ ಕಥೆಯೂ ಅಂಥದೇ. ಶತಮಾನದ ಹಿಂದೆ ಯೂಬಾ ಸಿಟಿ, ಇಂಪೀರಿಯಲ್ ಕಣಿವೆಗಳಲ್ಲಿ ಬೇಸಾಯಕ್ಕೆ ಬಂದ ಪಂಜಾಬಿ ಗಂಡಸರು ಊರಿನಿಂದ ಹೆಂಡತಿಯರನ್ನು ಕರೆಸಿಕೊಳ್ಳಲು 1917ರ ವಲಸೆ ಕಾನೂನು ಬಿಡಲಿಲ್ಲ; ಬಿಳಿಯ ಹೆಂಗಸರನ್ನು ಮದುವೆಯಾಗಲು ರಾಜ್ಯದ ಕಾನೂನು ಬಿಡಲಿಲ್ಲ. ಅವರಲ್ಲಿ ಅನೇಕರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಅಂಥ ಒಂದು ಕುಟುಂಬ ಯೂಬಾ ಸಿಟಿಯಲ್ಲಿ ಹಲವು ದಶಕಗಳ ಕಾಲ ನಡೆಸಿದ ‘ಎಲ್ ರಾಂಚೆರೊ’ ಎಂಬ ಹೋಟೆಲಿನಲ್ಲಿ ರೊಟ್ಟಿಯ ಕೆಸಡಿಯಾ ಪ್ರಸಿದ್ಧವಾಗಿತ್ತು. ಅದನ್ನು ಯಾರೂ ಪ್ರಯೋಗವೆಂದು ಕರೆದಿರಲಾರರು. ಮನೆಯಲ್ಲಿ ಗಂಡನಿಗೆ ರೊಟ್ಟಿ ಬೇಕು, ಹೆಂಡತಿಗೆ ಚೀಸು ತುಂಬಲು ಗೊತ್ತು. ನಾವು ಹಾಗೆ ಬಂದವರಲ್ಲ. ವೀಸಾ ಕೈಯಲ್ಲಿ ಹಿಡಿದು, ಹೆಂಡತಿ ಮಕ್ಕಳೊಡನೆ, ಪೆಟ್ಟಿಗೆಯಲ್ಲಿ ಸಾರಿನ ಪುಡಿ ಮತ್ತು ಗುರೆಳ್ಳು ಚಟ್ನಿಪುಡಿ ತುಂಬಿಕೊಂಡು ವಿಮಾನದಿಂದ ಇಳಿದವರು. ಮುಗಿದರೆ ಆರ್ಟೀಸಿಯಾದ ಪಯೊನೀರ್ ಬುಲೆವಾರ್ಡಿನ ಭಾರತೀಯ ಅಂಗಡಿಗಳಿವೆ. ನೆರೆಯವನ ಒಲೆಯ ಕಡೆ ನೋಡುವ ಪ್ರಸಂಗವೇ ನಮಗೆ ಬರಲಿಲ್ಲ.

ನೆರೆಯವನೂ ಇರಲಿಲ್ಲ ಎನ್ನಬೇಕು. ಪೂರ್ವ ಹಾಲಿವುಡ್ಡಿನಲ್ಲಿ ನಗರಸಭೆ 2000ದಲ್ಲಿ ‘ಲಿಟ್ಲ್ ಆರ್ಮೇನಿಯಾ’ ಎಂದು ಹೆಸರಿಟ್ಟ ಪ್ರದೇಶದಲ್ಲಿ ಒಮ್ಮೆ ನಡೆದು ನೋಡಬೇಕು: ಆರ್ಮೇನಿಯನ್ ಬೇಕರಿ, ಅದರ ಪಕ್ಕದಲ್ಲಿ ಸಾಲ್ವಡೋರಿನವರ ತಿಂಡಿಯಂಗಡಿ, ಎದುರಿಗೆ ಟಾಕೋ ಗಾಡಿ, ಒಂದು ತಿರುವು ದಾಟಿದರೆ ಥಾಯ್ ಟೌನ್. ಒಂದೇ ಕಟ್ಟಡದ ಮೇಲಂತಸ್ತಿನಲ್ಲಿ ಇವರು, ಕೆಳಗೆ ಅವರು. ಮಕ್ಕಳು ಒಂದೇ ಸರಕಾರಿ ಶಾಲೆಗೆ ಹೋಗುತ್ತಾರೆ. ಹೀಗೆ ಬೆಳೆದ ಹುಡುಗ ಕಬಾಬನ್ನು ಟೋರ್ಟಿಯಾದಲ್ಲಿ ಇಡುವುದಕ್ಕೆ ಪ್ರತಿಭೆ ಬೇಕಾಗಿಲ್ಲ, ಹಸಿವು ಸಾಕು. ಪ್ರತಿಭೆ ಬೇಕಾಗುವುದು ಅದನ್ನು ದಿನವೂ ಒಂದೇ ಹದದಲ್ಲಿ ಮಾಡುವುದಕ್ಕೆ. ನಾವಾದರೋ ಐವತ್ತು ಮೈಲಿಯ ಉದ್ದಗಲದಲ್ಲಿ ಅಲ್ಲೊಂದು ಇಲ್ಲೊಂದು ಮನೆ ಮಾಡಿಕೊಂಡು, ತಿಂಗಳಿಗೊಮ್ಮೆ ಬಾಡಿಗೆಯ ಸಭಾಂಗಣದಲ್ಲಿ ಸೇರುವವರು. ಬೆಂಗಳೂರಿನಲ್ಲಿ 1980ರ ದಶಕದಿಂದ ಬೆಳೆದ ದರ್ಶಿನಿಗೂ ಇಲ್ಲಿಯ ಟಾಕೋ ಅಂಗಡಿಗೂ ಬಹಳ ಹೋಲಿಕೆಯಿದೆ: ಕಡಿಮೆ ಹಣ, ನಿಂತು ತಿನ್ನುವ ಪದ್ಧತಿ, ಕಣ್ಣೆದುರಿಗೇ ಕಾವಲಿ, ಎಲ್ಲ ಜಾತಿ ಕಸುಬಿನವರೂ ಒಂದೇ ಕಟ್ಟೆಯ ಮುಂದೆ. ಆದರೆ ನಮ್ಮ ಅಡುಗೆ ಕಡಲು ದಾಟುವಾಗ ದರ್ಶಿನಿಯನ್ನು ಊರಲ್ಲೇ ಬಿಟ್ಟು, ಬಫೆಯನ್ನೂ ಮೇಜುಬಟ್ಟೆಯನ್ನೂ ತಂದಿತು. ಬೀದಿಗೆ ಬಾರದ ಅಡುಗೆಯ ಕೈಯನ್ನು ಯಾರು ಬಂದು ಹಿಡಿಯಬೇಕು?

ಇಷ್ಟು ಖಚಿತವಾಗಿ ಹೇಳುತ್ತಿದ್ದ ನನ್ನ ವಾದಕ್ಕೆ ಕಳೆದ ವರ್ಷ ಒಂದು ಪೆಟ್ಟು ಬಿತ್ತು. ನಮ್ಮ ಮನೆಯಿಂದ ಇಪ್ಪತ್ತು ಮೈಲಿ ದೂರದಲ್ಲಿ ದಕ್ಷಿಣ ಭಾರತದ ಅಡುಗೆಯ ಹೋಟೆಲೊಂದಿದೆ, ಹೆಸರು ಬೇಡ. ಕೂಟದ ಯುಗಾದಿಗೆಂದು ಹೇಳಿಟ್ಟಿದ್ದ ಪುಳಿಯೋಗರೆಯನ್ನು ಒಯ್ಯಲು ಮಧ್ಯಾಹ್ನ ಮೂರು ಗಂಟೆಗೆ ಅದರ ಹಿಂಬಾಗಿಲಿಗೆ ಹೋಗಿದ್ದೆ. ಗಿರಾಕಿಗಳಿಲ್ಲದ ಹೊತ್ತು, ಕೆಲಸದವರ ಊಟದ ಸಮಯ. ಅಲ್ಲಿ ದೋಸೆ ಹೊಯ್ಯುವವರು ಮೆಕ್ಸಿಕೋದ ಓಹಾಕಾ ಕಡೆಯವರು. ಹನ್ನೊಂದು ವರ್ಷಗಳಿಂದ ಅದೇ ಕಾವಲಿಯ ಮುಂದಿದ್ದಾರೆ, ಮತ್ತು ದೋಸೆಯ ಹಿಟ್ಟನ್ನು ‘ಮಾಸಾ’ ಎಂದೇ ಕರೆಯುತ್ತಾರೆ. ಅವರು ದೋಸೆಯ ಕಾವಲಿಯ ಮೇಲೆಯೇ ಟೋರ್ಟಿಯಾಗಳನ್ನು ಬಿಸಿಮಾಡಿ, ಒಳಗೆ ಮಸಾಲೆ ದೋಸೆಯ ಆಲೂಗಡ್ಡೆ ಪಲ್ಯವನ್ನು ಇಟ್ಟು, ಮೈಸೂರು ಮಸಾಲೆಗೆ ಸವರುವ ಕೆಂಪು ಚಟ್ನಿಯನ್ನು ಹಾಕಿ, ಹಸಿ ಈರುಳ್ಳಿ ಉದುರಿಸಿ, ನಿಂಬೆ ಹಿಂಡಿ, ಉಳಿದ ನಾಲ್ವರಿಗೆ ಹಂಚುತ್ತಿದ್ದರು. ನನಗೂ ಒಂದು ಕೊಟ್ಟರು. ಕಾಳಿನ ಸುಣ್ಣದ ಪರಿಮಳ, ಪಲ್ಯದ ಒಗ್ಗರಣೆಯ ಸಾಸಿವೆ, ಬೆಳ್ಳುಳ್ಳಿಯ ಖಾರ. ಯಾವುದೂ ತನ್ನ ಸ್ಥಾನ ಬಿಟ್ಟು ಕದಲಿರಲಿಲ್ಲ. ನಿಂತಲ್ಲಿಯೇ ಇನ್ನೊಂದು ಕೇಳಿ ತಿಂದೆ.

ತಮ್ಮ ಊರಿನಲ್ಲಿ ಆಲೂಗಡ್ಡೆಯ ಟಾಕೋ ಮೊದಲಿನಿಂದಲೂ ಇದೆ, ಇಲ್ಲಿ ಸಾಸಿವೆ ಬಂದಿದೆ ಅಷ್ಟೇ ಎಂದು ಅವರು ವಿವರಿಸಿದರು. ಹೋಟೆಲಿನ ಪಟ್ಟಿಯಲ್ಲಿ ಇದನ್ನು ಏಕೆ ಹಾಕಿಲ್ಲವೆಂದು ಕೇಳಿದೆ. ಮಾಲೀಕರಿಗೂ ಇದು ಇಷ್ಟ, ವಾರದಲ್ಲಿ ಎರಡು ದಿನ ಅವರೂ ಇದನ್ನೇ ತಿನ್ನುತ್ತಾರೆ. ಆದರೆ ಗಿರಾಕಿಗಳು ಬರುವುದು ಅಪ್ಪಟ ದಕ್ಷಿಣ ಭಾರತದ ಊಟಕ್ಕೆ, ಅವರು ಒಪ್ಪುವುದಿಲ್ಲ ಎಂದರು. ಆ ಗಿರಾಕಿ ನಾನೇ. ಹನ್ನೊಂದು ವರ್ಷಗಳಿಂದ ಅವರ ಕೈಯ ದೋಸೆಯನ್ನು ಅಪ್ಪಟವೆಂದು ಹೊಗಳುತ್ತಾ ಬಂದಿದ್ದ ನನಗೆ, ಅದನ್ನು ಹೊಯ್ಯುತ್ತಿರುವ ಕೈ ಯಾವುದೆಂದು ನೋಡಬೇಕೆನಿಸಿರಲಿಲ್ಲ.

ಇಲ್ಲಿಯೇ ಈ ಬಗೆಯ ಅಂಗಡಿಗಳ ಬಗ್ಗೆ ನನಗಿರುವ ಒಂದು ತಕರಾರನ್ನೂ ಹೇಳಿಬಿಡಬೇಕು. 2008ರಲ್ಲಿ ರಾಯ್ ಚೊಯ್ ಅವರ ‘ಕೋಗಿ’ ಗಾಡಿ ಕೊರಿಯಾದ ಮಾಂಸವನ್ನು ಟಾಕೋದಲ್ಲಿಟ್ಟು ಈ ನಗರವನ್ನು ಬೆರಗುಗೊಳಿಸಿದಂದಿನಿಂದ, ಯಾವ ದೇಶದ ಅಡುಗೆ ಟೋರ್ಟಿಯಾದೊಳಗೆ ಬಂದರೂ ಆ ದೇಶದ ಹೆಸರು ಫಲಕದ ಮೇಲೆ ಬರುತ್ತದೆ. ಟೋರ್ಟಿಯಾ ಒತ್ತಿದವರ, ಖಾರ ಅರೆದವರ ಊರು ಬರುವುದಿಲ್ಲ. ಆರ್ಮೇನಿಯಾ ಎನ್ನುವಾಗ ಬೈರೂತೋ ಯೆರೆವಾನೋ ಎಂದು ಬಿಡಿಸಿ ಕೇಳುವ ಬರಹಗಾರರು, ಮೆಕ್ಸಿಕೋ ಎನ್ನುವಾಗ ಪುಯೆಬ್ಲಾವೋ ಓಹಾಕಾವೋ ಎಂದು ಕೇಳುವುದು ಅಪರೂಪ. ನಾವು ನಾಳೆ ಕನ್ನಡದ ಟಾಕೋ ಅಂಗಡಿ ತೆರೆದರೂ ಹೀಗೆಯೇ ಮಾಡುತ್ತೇವೆಂಬ ಅನುಮಾನ ನನ್ನದು.

ಆದರೂ ಆಸೆ ಬಿಡಲಿಲ್ಲ. ಈ ಸಲದ ದೀಪಾವಳಿ ಕೂಟಕ್ಕೆ ಆ ಓಹಾಕಾದ ದೋಸೆಯವರನ್ನು ಕರೆಸಿ, ಸಭಾಂಗಣದ ಹೊರಗೆ ಕಾವಲಿ ಹಾಕಿಸಿ, ಎಣ್ಣೆಗಾಯಿ ಮತ್ತು ಆಲೂಗಡ್ಡೆ ಪಲ್ಯದ ಟಾಕೋ ಕೊಡಿಸೋಣವೆಂದು ಊಟದ ಸಮಿತಿಯ ಮುಂದೆ ಪ್ರಸ್ತಾಪವಿಟ್ಟೆ. ಟೋರ್ಟಿಯಾದಲ್ಲಿ ಹಂದಿಯ ಕೊಬ್ಬು ಇರುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದರು; ಮೈದಾದ್ದರಲ್ಲಿ ಇರುವುದುಂಟು, ಮೆಕ್ಕೆಜೋಳ ಸುಣ್ಣ ನೀರು ಇಷ್ಟರಿಂದಲೇ ಮಾಡಿದ್ದರಲ್ಲಿ ಇರುವುದಿಲ್ಲ ಎಂದು ವಿವರಿಸಿದೆ. ಎಣ್ಣೆಗಾಯಿಯನ್ನು ನಮ್ಮವರೇ ಮಾಡಬೇಕು, ಶೇಂಗಾ ಪುಡಿ ಊರಿನದೇ ಆಗಬೇಕು ಎಂಬ ಷರತ್ತನ್ನು ಇಬ್ಬರು ಹಾಕಿದರು, ಸಂತೋಷದಿಂದ ಒಪ್ಪಿದೆ. ಒಂದು ಗಂಟೆಯ ಚರ್ಚೆಯ ನಂತರ ಪ್ರಸ್ತಾಪ ಯಾರ ವಿರೋಧವೂ ಇಲ್ಲದೆ ಅಂಗೀಕಾರವಾಯಿತು. ಮರುದಿನ ಕಾರ್ಯದರ್ಶಿಯವರು ಊಟದ ಪಟ್ಟಿಯನ್ನು ಎಲ್ಲರಿಗೂ ಕಳುಹಿಸಿದರು. ಹೋಳಿಗೆ, ಕೋಸಂಬರಿ, ಬಿಸಿಬೇಳೆ ಬಾತು, ಮೊಸರನ್ನಗಳ ಸಾಲು ಮುಗಿದ ಮೇಲೆ, ಕೆಳಗೆ ‘ಮಕ್ಕಳಿಗೆ’ ಎಂಬ ತಲೆಬರಹದಡಿ, ಪಿಜ್ಜಾದ ಪಕ್ಕದಲ್ಲಿ ಅದಿತ್ತು.